ಗಿರಾಕಿಯಿಲ್ಲದ ಚಿತ್ರಕ್ಕೆ ಹಣ ಕೊಡುವವರು ಯಾರು?

ಕೊಟ್ಟೂರೇಶ್ವರನ ತೇರಿಗೋ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೋ ತಪ್ಪದೆ ಹೋಗಿಬರುತ್ತಿದ್ದ ಹಿರಿಯರ ಮನೆಗಳಲ್ಲಿ ಹುಡುಕಿದರೆ ಒಂದಾದರೂ ಹಳೆಯ ಫೋಟೊ ಸಿಕ್ಕೀತು. ಹಿಂದೆ ಬಣ್ಣ ಬಳಿದ ಪರದೆ, ಅದರ ಮೇಲೆ ತಾಜಮಹಲೋ ತೂಗುವ ಬಳ್ಳಿಯೋ. ಮುಂದೆ ಉಸಿರು ಬಿಗಿಹಿಡಿದು ನಿಂತ ಹೊಸ ದಂಪತಿ. ಆ ಫೋಟೊಗೆ ಹಣ ಕೊಟ್ಟವರು ಅದರಲ್ಲಿ ನಿಂತವರೇ. ಕೂಡ್ಲಿಗಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಸ್ಟುಡಿಯೊ ಇಟ್ಟವರು ಬದುಕುವುದು ಹೀಗೆಯೇ: ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ. ಗಿರಾಕಿ ಕೇಳಿದ್ದನ್ನು ತೆಗೆದುಕೊಡುವುದು ಅವರ ಕಸುಬು.

ಆದರೆ ಇದೇ ಸೀಮೆಯ ಹುಡುಗನೊಬ್ಬ, ಗುಳೆ ಹೋದವರ ಬೀಗ ಹಾಕಿದ ಮನೆಗಳನ್ನು ಹತ್ತು ವರ್ಷ ತೆಗೆಯುತ್ತೇನೆಂದು ಹೊರಟರೆ? ಹಾಗೆ ತೆಗೆಯಿರೆಂದು ಯಾರೂ ಅವನಿಗೆ ಹೇಳಿಲ್ಲ. ಕೊಳ್ಳುವವರೂ ಇಲ್ಲ. ಕಲಾ ಛಾಯಾಗ್ರಹಣವೆಂದು ಕರೆಯುವುದರಲ್ಲಿ ಬಹುಪಾಲು ಇಂಥದೇ; ಅದು ಗಿರಾಕಿಯಿಲ್ಲದ ಚಿತ್ರ. ಹಾಗಾದರೆ ಅದರ ಖರ್ಚನ್ನು ಹೊರುವವರು ಯಾರು? ಜಗತ್ತಿನ ಹಲವೆಡೆ ಈ ಪ್ರಶ್ನೆಗೆ ಸಿಕ್ಕಿರುವ ಒಂದು ಉತ್ತರ, ವಸ್ತುಸಂಗ್ರಹಾಲಯ.

ಬಹುಮಾನ ಬೇರೆ, ನೆರವು ಬೇರೆ

ಮ್ಯೂಸಿಯಂಗಳು ಛಾಯಾಗ್ರಾಹಕರಿಗೆ ಹಣ ಕೊಡುವ ಬಗೆ ಮುಖ್ಯವಾಗಿ ಮೂರು. ಮೊದಲನೆಯದು, ಮಾಡಿ ಮುಗಿಸಿದ ಕೆಲಸಕ್ಕೆ ಕೊಡುವ ಬಹುಮಾನ. ಕೆನಡಾದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ ಗ್ರೇಂಜ್ ಪ್ರಶಸ್ತಿಯನ್ನು ಆರಂಭಿಸಿತು. ಇದರಲ್ಲಿ ತಜ್ಞರು ನಾಲ್ವರ ಪಟ್ಟಿ ಮಾಡಿದರೆ, ವಿಜೇತರನ್ನು ಆರಿಸುತ್ತಿದ್ದುದು ಜನರ ಮತ. ಭಾರತ ಜೊತೆಗೂಡಿದ್ದ 2011ರಲ್ಲಿ 50,000 ಡಾಲರುಗಳ ಆ ಪ್ರಶಸ್ತಿ ದೆಹಲಿಯ ಗೌರಿ ಗಿಲ್ ಅವರಿಗೆ ಬಂತು.

ಎರಡನೆಯದು, ಮುಂದೆ ಮಾಡಲಿರುವ ಕೆಲಸಕ್ಕೆ ಕೊಡುವ ಫೆಲೋಷಿಪ್. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಡಿ ಮ್ಯೂಸಿಯಂ ರಾಬರ್ಟ್ ಗಾರ್ಡ್‌ನರ್ ಹೆಸರಿನಲ್ಲಿ ಇಂಥದೊಂದನ್ನು ನಡೆಸುತ್ತ ಬಂದಿದೆ. 2008ರಲ್ಲಿ ಅದು ದಯಾನಿತಾ ಸಿಂಗ್ ಅವರಿಗೆ ದೊರೆಯಿತು. ಅದರ ಫಲವಾಗಿ 'ಹೌಸ್ ಆಫ್ ಲವ್' ಎಂಬ ಪುಸ್ತಕ 2011ರಲ್ಲಿ ಹೊರಬಂತು. ಮೂರನೆಯದು, ಚಿತ್ರಗಳನ್ನು ಕೊಂಡು ಸಂಗ್ರಹಕ್ಕೆ ಸೇರಿಸಿಕೊಳ್ಳುವುದು.

ಬಹುಮಾನಕ್ಕೆ ಪತ್ರಿಕೆಯಲ್ಲಿ ಹೆಚ್ಚು ಜಾಗ ಸಿಗುತ್ತದೆ. ಆದರೆ ಛಾಯಾಗ್ರಾಹಕನಿಗೆ ಹೆಚ್ಚು ಬೇಕಾದುದು ಎರಡನೆಯದು ಮತ್ತು ಮೂರನೆಯದು. ಒಂದು ಕೆಲಸ ಮಾಡಲು ಕಾಲ ಕೊಡುತ್ತದೆ. ಇನ್ನೊಂದು ಆದ ಕೆಲಸವನ್ನು ಕಾಲದಿಂದ ಕಾಪಾಡುತ್ತದೆ.

ಜಾತ್ರೆಯ ಡೇರೆ, ಬೆಂಗಳೂರಿನ ಪರದೆ

ಗೌರಿ ಗಿಲ್ ಅವರ ಕೆಲಸವೊಂದು ನಮ್ಮ ಜಾತ್ರೆಗಳನ್ನು ನೆನಪಿಗೆ ತರುತ್ತದೆ. 2003ರಲ್ಲಿ ರಾಜಸ್ಥಾನದ ಲೂಣ್‌ಕರಣ್‌ಸರ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ನಡೆದ ಮೇಳದಲ್ಲಿ ಅವರು ಫೋಟೊ ಡೇರೆಯೊಂದನ್ನು ಹಾಕಿದರು. ಹೇಗೆ ನಿಲ್ಲಬೇಕು, ಯಾರೊಡನೆ ನಿಲ್ಲಬೇಕು ಎಂಬುದು ಹುಡುಗಿಯರಿಗೇ ಬಿಟ್ಟದ್ದು. 1999ರಿಂದ ಅವರು ಆ ಮರಳುಸೀಮೆಯಲ್ಲಿ ತೆಗೆಯುತ್ತ ಬಂದ ಚಿತ್ರಗಳಿಗೆ 2023ರಲ್ಲಿ ಒಂದು ಲಕ್ಷ ಸ್ವಿಸ್ ಫ್ರಾಂಕುಗಳ ಪ್ರಿ ಪಿಕ್ಟೆ ಪ್ರಶಸ್ತಿ ಬಂತು. ಅದನ್ನು ಕೊಡುವುದು ಮ್ಯೂಸಿಯಂ ಅಲ್ಲ, ಸ್ವಿಟ್ಜರ್ಲೆಂಡಿನ ಬ್ಯಾಂಕು; ಪ್ರಕಟಣೆಯಾದದ್ದು ಮಾತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಕೆಲಸ ಆರಂಭವಾದ ಮೇಲೆ ಆ ಪ್ರಶಸ್ತಿಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ಕರ್ನಾಟಕದಲ್ಲಿ ಇಂಥ ನೆರವಿನ ಮುಖ್ಯ ಉದಾಹರಣೆ ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್. ಇದೂ ಮ್ಯೂಸಿಯಂ ಅಲ್ಲ. 1993ರಲ್ಲಿ ಹುಟ್ಟಿ 1995ರಿಂದ ಅನುದಾನ ಕೊಡುತ್ತಿರುವ ಸಂಸ್ಥೆ. ಶಿಲ್ಪಿಯಾಗಿ ಕಲಿತು ಕ್ಯಾಮೆರಾದತ್ತ ತಿರುಗಿದ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆಗೆ ಈ ಸಂಸ್ಥೆಯ ನೆರವಿತ್ತು. ರವಿವರ್ಮನ ಬೆಳದಿಂಗಳ ಹೆಣ್ಣು, ಬ್ರಿಟಿಷರು ಅಳತೆಗೆ ನಿಲ್ಲಿಸಿದ ತೋಡ ಹೆಂಗಸು, ಸಿನಿಮಾ ದೃಶ್ಯದ ಜಯಲಲಿತಾ, ಹೀಗೆ ಒಬ್ಬೊಬ್ಬರ ವೇಷವನ್ನೂ ಪುಷ್ಪಮಾಲಾ ತಾವೇ ತೊಟ್ಟು, ಕಟ್ಟಿದ ದೃಶ್ಯದ ಮುಂದೆ ನಿಂತರು. ನಮ್ಮ ಜಾತ್ರೆಯ ಪರದೆಯೇ ಇಲ್ಲಿ ಪ್ರಶ್ನೆ ಕೇಳುವ ಪರದೆಯಾಯಿತು: ಹೆಣ್ಣನ್ನು ಹೀಗೆ ನಿಲ್ಲಿಸಿದವರು ಯಾರು?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ (ಮ್ಯಾಪ್) 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳ ಸಂಗ್ರಹವೂ ಅಲ್ಲಿದೆ.

ಹಂಪಿ ಹೇಳುವ ಸಾಕ್ಷಿ

ಇಷ್ಟೆಲ್ಲ ಹಣ ಸುರಿದು ಚಿತ್ರಗಳನ್ನು ಮಾಡಿಸುವುದು, ಕಾಯುವುದು ಏಕೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ಈ ಐದೂ ಊರುಗಳು ಹಂಪಿಯಿರುವ ಜಿಲ್ಲೆಗೇ ಸೇರಿವೆ. ಆ ಹಂಪಿಗೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಬಂದು, ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಗುಡಿ ಮಂಟಪಗಳನ್ನು ಸೆರೆಹಿಡಿದ. ಆ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಮರೆಯಲ್ಲಿದ್ದು ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು.

ಎರಡನ್ನೂ ಅಕ್ಕಪಕ್ಕ ಇಟ್ಟಾಗ ತಿಳಿಯುವ ಸಂಗತಿಗಳಲ್ಲಿ ಒಂದು: ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು. ಇಂದು ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ಕಾಣುವುದು ಶಿಖರ ಕಳೆದುಕೊಂಡ ರಥವನ್ನು. ಈ ಚಿತ್ರಗಳ ಕುರಿತ ಗ್ರಂಥವನ್ನು 2008ರಲ್ಲಿ ತಂದದ್ದು ದೆಹಲಿಯ ಅಲ್ಕಾಜಿ ಸಂಗ್ರಹ. ಕಾರ್ನಾಡರ 'ತುಘಲಕ್'ಅನ್ನು ದೆಹಲಿಯ ಹಳೆಯ ಕೋಟೆಯಲ್ಲಿ ಆಡಿಸಿದ ಇಬ್ರಾಹಿಂ ಅಲ್ಕಾಜಿಯವರೇ ಅದನ್ನು ಕಟ್ಟಿದವರು. ಅವರ ಪ್ರತಿಷ್ಠಾನ ಛಾಯಾಚಿತ್ರ ಪುಸ್ತಕಗಳಿಗೂ ಅನುದಾನ ಕೊಟ್ಟಿದೆ.

ಗಿರಾಕಿಯಿಲ್ಲದ ಚಿತ್ರಕ್ಕೆ ಗಿರಾಕಿ ನೂರು ವರ್ಷ ಕಳೆದ ಮೇಲೂ ಬರಬಹುದು. ಅಲ್ಲಿಯವರೆಗೆ ಅದನ್ನು ಯಾರಾದರೂ ಇಟ್ಟುಕೊಂಡಿರಬೇಕಷ್ಟೆ. ಮ್ಯೂಸಿಯಂ ಕೊಡುವ ಹಣದ ನಿಜವಾದ ಅರ್ಥ ಇದು.

ಮುಚ್ಚಿದ ಸ್ಟುಡಿಯೊಗಳ ನೆಗೆಟಿವ್ ಪೆಟ್ಟಿಗೆಗಳ ಗತಿ ಹೀಗಿಲ್ಲ. ಗೆದ್ದಲು ತಿಂದದ್ದುಂಟು, ಬೆಳ್ಳಿಯ ಅಂಶಕ್ಕಾಗಿ ತೂಕಕ್ಕೆ ಹೋದದ್ದೂ ಉಂಟು. ಈಗಿನ ಚಿತ್ರಗಳು ಮೊಬೈಲ್ ಕೆಟ್ಟ ದಿನವೇ ಹೋಗುತ್ತವೆ. ಲಕ್ಷಾಂತರ ರೂಪಾಯಿಯ ಪ್ರಶಸ್ತಿ ಈ ಊರುಗಳಿಗೆ ಬರಲಿ, ಬಿಡಲಿ. ಒಂದು ಒಣ ಕೋಣೆ, ಕೆಲವು ಕಪಾಟು, ಚಿತ್ರದಲ್ಲಿರುವವರ ಹೆಸರು ಬರೆದಿಡುವ ಒಬ್ಬ ಮನುಷ್ಯ, ವರ್ಷಕ್ಕೊಬ್ಬ ಸ್ಥಳೀಯ ಛಾಯಾಗ್ರಾಹಕನಿಗೆ ತನಗೆ ತೋಚಿದ್ದನ್ನು ತೆಗೆಯಲು ಆರು ತಿಂಗಳ ಖರ್ಚು: ಇಷ್ಟನ್ನು ಜಿಲ್ಲೆಯೊಂದು ಮಾಡಬಹುದು. ಇಲ್ಲವಾದರೆ ಬೀಗ ಹಾಕಿದ ಮನೆಗಳನ್ನು ತೆಗೆಯಲು ಹೊರಟ ಆ ಹುಡುಗನೂ ನಾಳೆ ಮದುವೆ ಮನೆಗೇ ಹೋಗುತ್ತಾನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಬೀಗಗಳು ಹೇಗಿದ್ದವೆಂಬುದು ಮುಂದಿನವರಿಗೆ ತಿಳಿಯುವುದಿಲ್ಲ.