ರಾಗಿ ತಳಿಯ ಆಯ್ಕೆ: ವಲಯ ಮತ್ತು ಬಿತ್ತನೆ ಕಾಲದ ಮಹತ್ವ

ಒಂದು ಪ್ರದೇಶದಲ್ಲಿ ಉತ್ತಮ ಇಳುವರಿ ನೀಡಿದ ರಾಗಿ ತಳಿಯು ಮತ್ತೊಂದು ಪ್ರದೇಶದಲ್ಲಿ ಜಳ್ಳು ತೆನೆಗಳನ್ನು ನೀಡಿದಾಗ, ಬೀಜವೇ ಕಳಪೆಯೆಂದು ರೈತರು ಭಾವಿಸುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಬೀಜದಲ್ಲಲ್ಲ, ತಳಿಯ ಅವಧಿ ಮತ್ತು ಆ ಪ್ರದೇಶದ ತೇವಾಂಶದ ಅವಧಿಗಳ ನಡುವಿನ ಹೊಂದಾಣಿಕೆಯಲ್ಲಿ.

ಅವಧಿಯೇ ಏಕೆ ಮುಖ್ಯ?

ರಾಗಿಯಲ್ಲಿ ತೆನೆ ಹೊರಟು ಕಾಳು ಬಲಿಯುವ ಹಂತವು ಬೆಳೆಯ ಕೊನೆಯ ಸುಮಾರು 35–40 ದಿನಗಳು. ಈ ಹಂತದಲ್ಲಿ ತೇವಾಂಶದ ಕೊರತೆಯಾದರೆ, ಮೊದಲು ಎಷ್ಟೇ ಸೊಂಪಾಗಿ ತೆಂಡೆಯೊಡೆದಿದ್ದರೂ ಕಾಳು ತುಂಬುವುದಿಲ್ಲ. ಉದಾಹರಣೆಗೆ, 125 ದಿನಗಳ ತಳಿಯನ್ನು ಆಗಸ್ಟ್ 15ರಂದು ಬಿತ್ತಿದರೆ ಕಾಳು ಕಟ್ಟುವ ಕಾಲ ನವೆಂಬರ್‌ಗೆ ಬೀಳುತ್ತದೆ. ಹಗಲಿನ ಅವಧಿ ಕಿರಿದಾಗುವುದರಿಂದ ತೆನೆ ಕೆಲವು ದಿನ ಮುಂಚೆ ಬರಬಹುದಾದರೂ, ಮಳೆಯಾಶ್ರಿತ ಜಮೀನಿನಲ್ಲಿ ಅಪಾಯ ತಪ್ಪುವುದಿಲ್ಲ. ಅದೇ ದಿನ ಬಿತ್ತಿದ 100 ದಿನಗಳ ತಳಿಯು ಅಕ್ಟೋಬರ್ ಮಳೆಯ ತೇವವನ್ನು ಬಳಸಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾಗಿ, ನೀರಾವರಿಯುಳ್ಳ ಜಮೀನಿನಲ್ಲಿ ಅಲ್ಪಾವಧಿ ತಳಿಯು ಬೇಗನೆ ಬೆಳವಣಿಗೆ ಮುಗಿಸುವುದರಿಂದ, ಲಭ್ಯ ನೀರು ಹಾಗೂ ಗೊಬ್ಬರದ ಪೂರ್ಣ ಪ್ರಯೋಜನ ದೊರೆಯುವುದಿಲ್ಲ.

ತಳಿಗಳ ಆಯ್ಕೆ

• ದೀರ್ಘಾವಧಿ (120–125 ದಿನ): ಎಂ.ಆರ್-1, ಎಂ.ಆರ್-6, ಕೆ.ಎಂ.ಆರ್-301. ಜೂನ್‌ನಿಂದ ಜುಲೈ ಮಧ್ಯದೊಳಗೆ ಬಿತ್ತಲು ಸಾಧ್ಯವಿರುವ ಹಾಗೂ ಕಾವೇರಿ ಅಚ್ಚುಕಟ್ಟಿನಂತಹ ನೀರಿನ ಆಸರೆಯುಳ್ಳ ಪ್ರದೇಶಗಳಿಗೆ.
• ಮಧ್ಯಮಾವಧಿ (110–115 ದಿನ): ಜಿ.ಪಿ.ಯು-28. ಬೆಂಕಿ ರೋಗಕ್ಕೆ ನಿರೋಧಕ ಶಕ್ತಿ ಹೊಂದಿದೆ. ಪೂರ್ವ ಮತ್ತು ದಕ್ಷಿಣ ಒಣ ವಲಯಗಳಲ್ಲಿ ಜುಲೈ ಬಿತ್ತನೆಗೆ ಸೂಕ್ತ.
• ಅಲ್ಪಾವಧಿ (95–105 ದಿನ): ಜಿ.ಪಿ.ಯು-48. ಮಳೆ ತಡವಾಗಿ ಬಿತ್ತನೆ ಆಗಸ್ಟ್‌ಗೆ ಮುಂದೂಡಲ್ಪಟ್ಟಾಗ, ಮಧ್ಯ ಒಣ ವಲಯದಂತಹ ಕಡಿಮೆ ಮಳೆಯ ಪ್ರದೇಶಗಳಲ್ಲಿ ಮತ್ತು ತೇವ ಹಿಡಿದಿಡದ ತೆಳು ಕೆಂಪು ಮಣ್ಣಿನಲ್ಲಿ.

ಸ್ವಂತ ಜಮೀನಿನಲ್ಲಿ ಪರೀಕ್ಷೆ

ಹೊಸ ತಳಿಯನ್ನು ಮೊದಲ ವರ್ಷವೇ ಇಡೀ ಜಮೀನಿಗೆ ಬಿತ್ತುವುದು ಸೂಕ್ತವಲ್ಲ. ರೂಢಿಯ ತಳಿಯ ಪಕ್ಕದಲ್ಲೇ, ಒಂದೇ ದಿನ ಬಿತ್ತಿ, ಸಮನಾದ ಗೊಬ್ಬರ ನೀಡಬೇಕು. ಕೊಯ್ಲಿನಲ್ಲಿ ಪ್ರತಿ ತಳಿಯಿಂದ 5 ಮೀಟರ್ × 5 ಮೀಟರ್ ಜಾಗದ ತೆನೆಗಳನ್ನು ಬೇರೆಯಾಗಿ ಒಕ್ಕಣೆ ಮಾಡಿ, ಒಣಗಿಸಿ ತೂಗಬೇಕು. ಕಿಲೋಗ್ರಾಂ ತೂಕವನ್ನು 4ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕ್ವಿಂಟಾಲ್ ಎಂಬುದು ತಿಳಿಯುತ್ತದೆ. ಹುಲ್ಲಿನ ಇಳುವರಿಯನ್ನೂ ಗಮನಿಸಬೇಕು.

ಒಂದೇ ವರ್ಷದ ಫಲಿತಾಂಶವು ಆ ವರ್ಷದ ಮಳೆಯ ಫಲವಾಗಿರಬಹುದು. ಆದ್ದರಿಂದ ಕನಿಷ್ಠ ಎರಡು ಹಂಗಾಮು ಹೋಲಿಸಿ ನೋಡಬೇಕು. ಉತ್ತಮ ವರ್ಷದಲ್ಲಿ ಅತ್ಯಧಿಕ ಇಳುವರಿ ನೀಡುವ ತಳಿಗಿಂತ, ಮಳೆ ಕೈಕೊಟ್ಟ ವರ್ಷದಲ್ಲಿಯೂ ಮನೆಗೆ ರಾಗಿ, ದನಕ್ಕೆ ಹುಲ್ಲು ಉಳಿಸುವ ತಳಿಯು ಮಳೆಯಾಶ್ರಿತ ರೈತರಿಗೆ ಹೆಚ್ಚು ಹಿತಕರ. ವಿಸ್ತರಣಾ ಕಾರ್ಯಕರ್ತರು ತಳಿಯ ಹೆಸರನ್ನು ಶಿಫಾರಸು ಮಾಡುವ ಮುನ್ನ ಬಿತ್ತನೆಯ ದಿನಾಂಕ, ಮಣ್ಣಿನ ಆಳ ಮತ್ತು ನೀರಿನ ಲಭ್ಯತೆಯನ್ನು ವಿಚಾರಿಸುವುದು ಅವಶ್ಯಕ.