ಮೊರೇರ ಕಲ್ಲು, ಮಲಪ್ರಭೆಯ ಲೆಕ್ಕ

ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನ ಉದ್ದ ಸುಮಾರು 155 ಮೀಟರ್. ಓಡುವ ಹುಡುಗನಿಗೆ ಅರ್ಧ ನಿಮಿಷದ ದಾರಿ. ಹೊಸಪೇಟೆಯಲ್ಲಿ ತುಂಗಭದ್ರೆಗೆ ಅಡ್ಡ ನಿಂತ ಗೋಡೆ ಎರಡೂವರೆ ಕಿಲೋಮೀಟರಿನ ಹತ್ತಿರವಿದೆ, ಆಲಮಟ್ಟಿಯದು ಒಂದೂವರೆ ಕಿಲೋಮೀಟರ್. ಅವು ಹಿಡಿಯುವ ನೀರೂ ದೊಡ್ಡದು, ಒಪ್ಪಿಕೊಳ್ಳೋಣ. ಆದರೆ ಸವದತ್ತಿಯ ಈ ಚಿಕ್ಕ ಗೋಡೆಯ ಹಿಂದೆ ರೇಣುಕಾಸಾಗರ ತುಂಬಿ ನಿಂತಾಗ ಅಲ್ಲಿರುವ ನೀರು 37 ಟಿಎಂಸಿಯನ್ನು ಮೀರುತ್ತದೆ. ಲೀಟರಿನಲ್ಲಿ ಹೇಳಿದರೆ ಒಂದು ಲಕ್ಷ ಕೋಟಿಗೂ ಹೆಚ್ಚು. 155 ಮೀಟರ್ ಗೋಡೆ ಅಷ್ಟು ನೀರನ್ನು ತಡೆಯುವುದು ಹೇಗೆ? ಎರಡೂ ಮಗ್ಗುಲಲ್ಲಿ ಮೈಲುಗಟ್ಟಲೆ ಹಬ್ಬಿದ ಗುಡ್ಡದ ಸಾಲೇ ನಿಜವಾದ ಕಟ್ಟೆ. ಎಂಜಿನಿಯರರು ಕಟ್ಟಿದ್ದು ಅದರ ನಡುವಿನ ಸಂದಿಗೊಂದು ಬಾಗಿಲು.

ಆ ಗುಡ್ಡದ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಸವದತ್ತಿ ಕ್ವಾರ್ಟ್ಸೈಟ್. ಅದು ಸೇರುವ ಪದರ ಸಮೂಹದ ಹೆಸರು ರಾಮದುರ್ಗ ಫಾರ್ಮೇಶನ್. ನಮ್ಮ ಎರಡು ತಾಲ್ಲೂಕು ಊರುಗಳ ಹೆಸರನ್ನು ಜಗತ್ತಿನ ಭೂವಿಜ್ಞಾನದ ಪುಸ್ತಕಗಳು ಕಲ್ಲಿನ ಹೆಸರಾಗಿ ಬರೆದುಕೊಂಡಿವೆ. ಈ ಸೀಮೆಯ ಕಲ್ಲನ್ನು ಮೊದಲು ಶ್ರದ್ಧೆಯಿಂದ ಓದಿದವನು ರಾಬರ್ಟ್ ಬ್ರೂಸ್ ಫೂಟ್. ಇಲ್ಲಿ ಅಲೆದಾಡಿ ಆತ ಬರೆದ ವರದಿ ಪ್ರಕಟವಾದದ್ದು 1876ರಲ್ಲಿ. ಈ ಪದರಗಳಿಗೆಲ್ಲ ಕಲಾದಗಿ ಎಂಬ ಹೆಸರು ನಿಂತಿತು. ಇಂದು ಕಣ್ಣಿಗೆ ಕಾಣುವ ಕಲಾದಗಿ ಜಲಾನಯನದ ಹರವು ಸುಮಾರು 8,000 ಚದರ ಕಿಲೋಮೀಟರ್. ಒಂದರ ಮೇಲೊಂದು ಕುಳಿತ ಪದರಗಳ ಒಟ್ಟು ದಪ್ಪ 4,000 ಮೀಟರಿಗೂ ಮಿಕ್ಕಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ಸಮುದ್ರಮಟ್ಟದಿಂದ ಅಳೆದು ಎರಡು ಸಲ ಪೇರಿಸಿದರೂ ಅಷ್ಟಾಗುವುದಿಲ್ಲ. ಅದೆಲ್ಲವೂ ಒಂದು ಕಾಲಕ್ಕೆ ನೀರು ತಂದು ಹಾಕಿದ ಮರಳು, ಕೆಸರು, ಸುಣ್ಣ, ಹರಳು.

ಇಲ್ಲಿ ಸವದತ್ತಿಯ ಗುಡ್ಡದ ಮೇಲೆ ನೆಲೆಸಿದ ಎಲ್ಲಮ್ಮನ, ಅಂದರೆ ರೇಣುಕೆಯ, ಕತೆಯನ್ನು ನೆನೆಯದೆ ಮುಂದೆ ಹೋಗಲಾರೆ. ರೇಣುಕೆ ದಿನವೂ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ದಂಡೆಯ ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು ಗಂಡ ಜಮದಗ್ನಿ ಮುನಿಯ ಪೂಜೆಗೆ ನೀರು ತರುತ್ತಿದ್ದಳಂತೆ. ಮನಸ್ಸು ಒಂದು ಗಳಿಗೆ ಚಂಚಲವಾಯಿತು, ಮರಳು ಕೂಡಿಕೊಳ್ಳಲಿಲ್ಲ. ಮುಂದಿನದು ಈ ಸೀಮೆಯ ಮಕ್ಕಳಿಗೂ ಗೊತ್ತು: ಮುನಿಯ ಸಿಟ್ಟು, ಮಗ ಪರಶುರಾಮನ ಕೊಡಲಿ, ತಾಯಿಯ ತಲೆ, ಮತ್ತೆ ಬಂದ ಜೀವ. ಉಧೋ ಉಧೋ ಎನ್ನುತ್ತ ಹುಣ್ಣಿಮೆಗೆ ಲಕ್ಷ ಲಕ್ಷ ಜನ ಗುಡ್ಡ ಹತ್ತುವಾಗ ಕಾಲ ಕೆಳಗಿರುವುದು ಕೂಡಿಕೊಂಡ ಮರಳೇ. ನೂರು ಕೋಟಿ ವರ್ಷಕ್ಕೂ ಹಿಂದೆ ದಂಡೆಯಲ್ಲಿ ಸಡಿಲಾಗಿ ಬಿದ್ದಿದ್ದ ಬೆಣಚಿನ ಹರಳುಗಳ ನಡುವೆ, ನೆಲದಾಳದ ನೀರು ಕರಗಿಸಿ ತಂದ ಸಿಲಿಕ ಹೆಪ್ಪುಗಟ್ಟಿತು. ಮೇಲಿನ ಭಾರ ಒತ್ತಿತು. ಕಣಕ್ಕೂ ಕಣಕ್ಕೂ ನಡುವಿನ ಗೆರೆ ಅಳಿಸಿಹೋಗುವಷ್ಟು ಬೆಸೆದುಕೊಂಡು ಅದು ಕ್ವಾರ್ಟ್ಸೈಟ್ ಆಯಿತು. ಈ ಕಲ್ಲನ್ನು ಒಡೆದರೆ ಬಿರುಕು ಕಣಗಳ ಸುತ್ತ ಹಾಯುವುದಿಲ್ಲ, ಕಣಗಳನ್ನೇ ಸೀಳಿ ಹೋಗುತ್ತದೆ. ಹರಳು ಸೋತರೂ ಬೆಸುಗೆ ಸೋಲುವುದಿಲ್ಲ. ಮರಳು ಕೂಡಿ ನಿಲ್ಲುವ ಪವಾಡದ ಕತೆ ಇಂಥ ಗುಡ್ಡದ ಮೇಲೆಯೇ ನೆಲೆಯಾಯಿತೆಂಬುದು ನನಗೆ ಈ ಸೀಮೆಯ ದೊಡ್ಡ ಸೋಜಿಗ.

ಆ ಕಣಗಳನ್ನು ಎಣಿಸಿ ನೋಡೋಣ. ಒಂದು ಹರಳು ಅರ್ಧ ಮಿಲಿಮೀಟರ್ ಎಂದುಕೊಂಡರೆ, ಒಂದು ಮೀಟರ್ ಉದ್ದಕ್ಕೆ ಸಾಲಾಗಿ 2,000 ಹರಳು. ಒಂದು ಘನ ಮೀಟರಿಗೆ 2,000ವನ್ನು ಮೂರು ಸಲ ಗುಣಿಸಬೇಕು: 800 ಕೋಟಿ. ಇಂದು ಭೂಮಿಯ ಮೇಲಿರುವ ಮನುಷ್ಯರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ತಲೆಗೊಂದರಂತೆ ಇಡೀ ಮನುಕುಲಕ್ಕೆ ಹಂಚಬಹುದಾದಷ್ಟು ಹರಳು ಈ ಗುಡ್ಡದ ಒಂದೇ ಒಂದು ಘನ ಮೀಟರಿನಲ್ಲಿವೆ.

ಕಾಲದ ಲೆಕ್ಕ ಇನ್ನೂ ಕಠಿಣ. ಕೋಟಿಗಳನ್ನು ಬಾಯಲ್ಲಿ ಹೇಳುವುದು ಸುಲಭ, ಮನಸ್ಸಿಗೆ ಇಳಿಸುವುದು ಕಷ್ಟ. ಅದಕ್ಕೆ ಮಲಪ್ರಭೆಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಒಳ್ಳೆಯದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಕೂಡಲಸಂಗಮದವರೆಗೆ ಈ ಹೊಳೆಯ ಉದ್ದ 304 ಕಿಲೋಮೀಟರ್. ಕಿತ್ತೂರು, ಖಾನಾಪುರ ಸೀಮೆಯ ತಳದಲ್ಲಿರುವ ಧಾರವಾಡ ಶಿಸ್ಟ್ 250 ಕೋಟಿ ವರ್ಷಕ್ಕೂ ಹಳೆಯದು. ಆ 250 ಕೋಟಿಯನ್ನು ಹೊಳೆಯ ಉದ್ದಕ್ಕೆ ಹಾಸಿ, ಕಣಕುಂಬಿಯನ್ನು ಆರಂಭವೆಂದೂ ಸಂಗಮವನ್ನು ಇವತ್ತೆಂದೂ ಇಟ್ಟುಕೊಂಡರೆ, ಒಂದೊಂದು ಮೀಟರಿಗೆ 8,200 ವರ್ಷ. ಸವದತ್ತಿಯ ಮರಳು ದಂಡೆಗೆ ಬಿದ್ದದ್ದು ಸಂಗಮ ಇನ್ನೂ 120 ಕಿಲೋಮೀಟರಿಗಿಂತ ದೂರವಿದ್ದಾಗ. ಆಗ ನೆಲದ ಮೇಲೆ ಹುಲ್ಲಿಲ್ಲ, ಗಿಡವಿಲ್ಲ, ಒಂದು ಹುಳವೂ ಇಲ್ಲ. ಬೇರಿನ ಹಿಡಿತವಿಲ್ಲದ ದಂಡೆಗಳ ನಡುವೆ ಹೊಳೆಗಳು ಮನಸ್ಸಿಗೆ ಬಂದತ್ತ ಹರಡಿ ಹರಿಯುತ್ತಿದ್ದವು. ಭೂಮಿ ಇಂದಿಗಿಂತ ಬೇಗ ತಿರುಗುತ್ತಿದ್ದುದರಿಂದ ದಿನಕ್ಕೆ 24 ತಾಸೂ ಇರಲಿಲ್ಲ. ಆ ದಿನಗಳ ನೀರಿನ ಅಲೆ ಮರಳಿನ ಮೇಲೆ ಬಿಟ್ಟ ಏರಿಳಿತದ ಗುರುತನ್ನು ಈ ಪದರಗಳಲ್ಲಿ ಇವತ್ತಿಗೂ ಬೆರಳಿಂದ ಮುಟ್ಟಬಹುದು.

ಡೆಕ್ಕನ್ನಿನ ಲಾವಾ ಹರಿದ 6.6 ಕೋಟಿ ವರ್ಷದ ಹಿಂದಿನ ಕಾಲ ಸಂಗಮಕ್ಕೆ ಬರೀ ಎಂಟು ಕಿಲೋಮೀಟರ್ ಈಚೆಗೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೊಡಲಿ ಮಾಡಿದ್ದು ಸುಮಾರು 12 ಲಕ್ಷ ವರ್ಷದ ಹಿಂದೆ, ಅಂದರೆ ನೂರೈವತ್ತು ಮೀಟರಿನಷ್ಟು. ಕಲ್ಲಿನ ಗೋರಿಗಳನ್ನೂ ಶಿಲಾವೃತ್ತಗಳನ್ನೂ ಕಟ್ಟಿದ ಜನ ಸಂಗಮಕ್ಕೆ ಒಂದೂವರೆ ಗೇಣು ದೂರದಲ್ಲಿದ್ದಾರೆ. 1824ರ ಕಿತ್ತೂರ ಕಾಳಗ ಒಂದು ಅಂಗುಲವೂ ಆಗುವುದಿಲ್ಲ.

ರಾಮದುರ್ಗದ ಸುತ್ತಿನ ಗುಡ್ಡಗಳಲ್ಲಿ ಇನ್ನೊಂದು ನೋಟವಿದೆ. ಕೆಳಗೆ ಹಳೆಯ ಕಲಾದಗಿ ಪದರಗಳು ಮಡಿಚಿ, ವಾಲಿ, ಕೆಲವೆಡೆ ನಿಮಿರಿ ನಿಂತಿವೆ. ಅವುಗಳ ಕತ್ತರಿಸಿದ ತುದಿಗಳ ಮೇಲೆ ಬಾದಾಮಿಯ ಮರಳುಗಲ್ಲು ಹಾಸಿದಂತೆ ಮಟ್ಟಸವಾಗಿ ಮಲಗಿದೆ. ಮೊದಲು ಮರಳು ಬಿದ್ದು ಕಲ್ಲಾಗಬೇಕು. ಆ ಕಲ್ಲು ಒತ್ತಡಕ್ಕೆ ಸಿಕ್ಕಿ ಮಡಿಚಿ ಬೆಟ್ಟವಾಗಬೇಕು, ಬೆಟ್ಟ ಸವೆದು ಮತ್ತೆ ಬಯಲಾಗಬೇಕು. ಆ ಬಯಲಿನ ಮೇಲೆ ಹೊಸ ಮರಳು ಬಂದು ಬೀಳಬೇಕು. ಎರಡು ಪದರಗಳು ಕೂಡುವ ಗೆರೆಯ ಮೇಲೆ ಅಂಗೈ ಇಟ್ಟರೆ, ಕಿರುಬೆರಳಿಗೂ ಹೆಬ್ಬೆರಳಿಗೂ ನಡುವೆ ಹತ್ತಾರು ಕೋಟಿ ವರ್ಷ ಕಾಣೆಯಾಗಿದೆ.

ಈಗ ನವಿಲುತೀರ್ಥಕ್ಕೆ ಹೆಸರು ಕೊಟ್ಟ ನವಿಲಿನ ಕತೆ. ಹರಿದು ಬಂದ ಮಲಪ್ರಭೆಗೆ ಗುಡ್ಡ ಅಡ್ಡ ನಿಂತಿತಂತೆ. ದಾರಿ ಕಾಣದೆ ಹೊಳೆ ತಡವರಿಸುತ್ತಿದ್ದಾಗ ಮೇಲಿಂದ ನವಿಲೊಂದು ಕೂಗಿ ಕರೆಯಿತು, ಗುಡ್ಡ ಎರಡಾಗಿ ಸೀಳಿತು. ಕತೆ ಕಟ್ಟಿದವರು ಸರಿಯಾದ ಜಾಗದಲ್ಲೇ ಬೆರಗಾಗಿದ್ದಾರೆ. ಸುತ್ತಿ ಹೋಗಬಹುದಾದ ಹೊಳೆ ಗುಡ್ಡದ ಅತಿ ಗಟ್ಟಿ ಕಲ್ಲನ್ನೇ ಕೊರೆದು ಹೋದದ್ದೇಕೆ ಎಂಬ ಪ್ರಶ್ನೆ ಭೂವಿಜ್ಞಾನಿಗಳದೂ ಹೌದು. ಹೊಳೆ ಮೊದಲು ಹರಿದದ್ದು ಇವತ್ತಿನ ಗುಡ್ಡದ ನೆತ್ತಿಗಿಂತ ಎತ್ತರದ ನೆಲದಲ್ಲಿ ಎಂಬುದು ಅವರ ಉತ್ತರ. ಮೇಲಿನ ಮೆತ್ತನೆಯ ಪದರ ಸವೆಯುತ್ತ ಬಂತು, ಕೆಳಗೆ ಹುದುಗಿದ್ದ ಗಟ್ಟಿ ಕಲ್ಲು ಎದುರಾಯಿತು. ಅಷ್ಟರಲ್ಲಿ ಹೊಳೆಯ ಪಾತ್ರ ಗೊತ್ತಾಗಿಬಿಟ್ಟಿತ್ತು, ಅದೇ ದಾರಿಯಲ್ಲಿ ಕೊರೆಯುತ್ತ ಇಳಿಯಿತು. ವರ್ಷಕ್ಕೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ಸವೆಯಿತೆಂದು ಹಿಡಿದರೆ ನೂರು ಮೀಟರ್ ಆಳಕ್ಕೆ ಬೇಕಾದದ್ದು ಒಂದು ಕೋಟಿ ವರ್ಷ. ನವಿಲು ಒಂದು ಕೂಗಿನಲ್ಲಿ ಮುಗಿಸಿದ ಕೆಲಸ ಅದು.

ಈ ಗಟ್ಟಿ ಕಲ್ಲಿನ ಗುಣವನ್ನು ಮೊದಲು ಅರಿತವರು ಅಣೆಕಟ್ಟಿನವರಲ್ಲ. ಮಲಪ್ರಭೆಯ ಕಣಿವೆಯಲ್ಲಿ ಸಿಕ್ಕಿರುವ ಆದಿಶಿಲಾಯುಗದ ಕೈಗೊಡಲಿಗಳು ಬಹುಪಾಲು ಕ್ವಾರ್ಟ್ಸೈಟಿನವು. ಹೊಳೆ ಉರುಳಿಸಿ ತಂದ ಗುಂಡುಕಲ್ಲನ್ನು ಏಟು ಹಾಕಿ ಒಡೆದರೆ ಅಂಚು ಹರಿತವಾಗಿ ಬರುತ್ತದೆ. ಕಣಗಳನ್ನೇ ಸೀಳಿ ಹೋಗುವ ಆ ಬಿರುಕು ಅವರಿಗೆ ಬೇಕಾಗಿತ್ತು.

ಗೋರಿ ಕಟ್ಟುವವರಿಗೆ ಬೇಕಾದದ್ದು ಬೇರೆ ಗುಣದ ಕಲ್ಲು. ಹೊಳೆಯ ಗುಂಟ ಕೆಳಗಿಳಿದು ಐಹೊಳೆಗೆ ಹೋದರೆ ಮೇಗುತಿ ಗುಡ್ಡದ ಬೆನ್ನಿಗೆ ಸುಮಾರು 45 ಕಲ್ಗೋರಿಗಳಿವೆ. ಜನ ಅವನ್ನು ಮೊರೇರ ಮನೆ ಎನ್ನುತ್ತಾರೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಇಲ್ಲಿರುವುದು ಮಟ್ಟಸ ಪದರಗಳ ಬಾದಾಮಿ ಮರಳುಗಲ್ಲು. ಪದರ ಪದರವಾಗಿ ಏಳುವ ಈ ಕಲ್ಲಿಗೆ ನೆಟ್ಟಗಿನ ಬಿರುಕುಗಳೂ ಇರುವುದರಿಂದ ಅಂಚು ಕಡಿಯುವ ಕೆಲಸವೂ ಅರ್ಧ ಮುಗಿದಿರುತ್ತದೆ. ಹಾಗೆಂದು ಉಳಿದದ್ದು ಹಗುರದ ಕೆಲಸವಲ್ಲ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಒಂದು ಚಪ್ಪಡಿಯನ್ನು ಲೆಕ್ಕಕ್ಕೆ ಹಿಡಿಯಿರಿ: ಒಂದೂವರೆ ಘನ ಮೀಟರ್, ತೂಕ ಮೂರೂವರೆ ಟನ್ನಿಗೆ ಮೇಲು. ಆಳಿಗೆ 50 ಕಿಲೋದಂತೆ ಹಂಚಿದರೆ 70 ಜನ ಬೇಕು, ಆದರೆ ಅಷ್ಟು ಜನ ಕೈ ಹಾಕಲು ಅದರ ಸುತ್ತ ಜಾಗವೇ ಇಲ್ಲ. ಹಗ್ಗ, ಸನ್ನೆಕೋಲು, ಮರದ ದಿಮ್ಮಿ, ಮಣ್ಣಿನ ಇಳಿಜಾರು, ಎಲ್ಲಕ್ಕಿಂತ ಮಿಗಿಲಾಗಿ ಒಂದೇ ದನಿಗೆ ಒಟ್ಟಾಗಿ ಎಳೆಯುವ ಊರು ಬೇಕಿತ್ತು. ಅದೇ ಗುಡ್ಡದ ಮೇಲೆ, ಅದೇ ಜಾತಿಯ ಕಲ್ಲಿನಲ್ಲಿ, ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಜಿನಾಲಯ ಕಟ್ಟಿಸಿದ. ಹೊಳೆಯ ಅಳತೆಗೋಲಿನಲ್ಲಿ ಗೋರಿಗೂ ಗುಡಿಗೂ ನಡುವೆ ಇರುವುದು ಒಂದು ಗೇಣಿಗೂ ಕಡಿಮೆ.

ಗಂಗಾವತಿ ಕಡೆಯ ಹಿರೇಬೆಣಕಲ್ಲಿನಲ್ಲಿ ಇಂಥ ರಚನೆಗಳು ನಾನೂರಕ್ಕೂ ಹೆಚ್ಚು. ಕೋಣೆಗೋರಿಗಳ ಜತೆಗೆ ಶಿಲಾವೃತ್ತಗಳೂ ಇವೆ. ಫಿಲಿಪ್ ಮೆಡೋಸ್ ಟೇಲರ್ 1835ರಲ್ಲೇ ಇವನ್ನು ಕಂಡು ಬರೆದ. ಅಲ್ಲಿಯ ಕಲ್ಲು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಗ್ರಾನೈಟಿಗೆ ಪದರವಿಲ್ಲ, ಆದರೆ ಮೇಲಿನ ಭಾರ ಸವೆದುಹೋದಾಗ ಅದು ಮೈಸಡಿಲಿಸಿ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಗೋರಿಗಳ ಪಕ್ಕದಲ್ಲೇ ಕಲ್ಲು ಎಬ್ಬಿಸಿದ ತಗ್ಗು ಕೆರೆಯಾಗಿ ನಿಂತಿದೆ.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಟ್ಟಿದವರ ದಾರಿ ಬೇರೆ. ಅಲ್ಲಿನ ದೊಡ್ಡ ಕಲ್ಲುಗಳು ಸುಮಾರು 25 ಕಿಲೋಮೀಟರ್ ದೂರದಿಂದ ಬಂದವೆಂದು 2020ರಲ್ಲಿ ಗೊತ್ತಾಯಿತು. ಚಿಕ್ಕ ನೀಲಿಗಲ್ಲುಗಳು ವೇಲ್ಸಿನವು. ಆರು ಟನ್ನಿನ ಒಂದು ಕಲ್ಲು ಕನಿಷ್ಠ 750 ಕಿಲೋಮೀಟರ್ ಆಚೆಯ ಸ್ಕಾಟ್ಲೆಂಡಿನದೆಂದು 2024ರಲ್ಲಿ ತಿಳಿಯಿತು. ನಮ್ಮವರು ಕಲ್ಲು ಇದ್ದಲ್ಲಿಗೇ ತಮ್ಮ ಸತ್ತವರನ್ನು ಕರೆದೊಯ್ದರು. ಕತೆಗಳಲ್ಲೂ ಹೀಗೆಯೇ ಅಂತರವಿದೆ. ಸ್ಟೋನ್‌ಹೆಂಜಿನ ಕಲ್ಲುಗಳನ್ನು ದೈತ್ಯರು ಆಫ್ರಿಕದಿಂದ ಐರ್ಲೆಂಡಿಗೆ ತಂದಿದ್ದರು, ಅಲ್ಲಿಂದ ಮೆರ್ಲಿನ್ ಎಂಬ ಮಾಂತ್ರಿಕ ಸಾಗಿಸಿದ ಎಂದು ಹನ್ನೆರಡನೆಯ ಶತಮಾನದಲ್ಲಿ ಬರೆದಿಟ್ಟರು. ಕಲ್ಗೋರಿಗಳನ್ನು ಕಟ್ಟಿದರೆಂದು ನಮ್ಮ ಜನ ಹೇಳುವ ಮೊರೇರು ಕುಳ್ಳರು, ಆದರೆ ಬಂಡೆ ಎತ್ತುವ ಬಲವುಳ್ಳವರು. ಅಲ್ಲಿ ಜನ ಕಲ್ಲಿನ ಎತ್ತರ ನೋಡಿ ಕತೆ ಕಟ್ಟಿದರು, ಇಲ್ಲಿ ಗೋರಿಯ ಸಣ್ಣ ಕಿಂಡಿ ನೋಡಿ ಒಳಗೆ ಇಂಥವರೇ ಇದ್ದಿರಬೇಕೆಂದು ತೀರ್ಮಾನಿಸಿದರು ಎಂದು ನನಗೆ ಅನ್ನಿಸುತ್ತದೆ.

ಬೆಂಕಿ ಮಳೆ ಬರುತ್ತದೆಂದು ತಿಳಿದು ಆ ಕುಳ್ಳರು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ ಎನ್ನುವುದೂ ಉಂಟು. ಈ ನಾಡಿನ ಅಂಚಿಗೆ ಬೆಂಕಿ ಬಂದದ್ದು ನಿಜ, ಬಂದದ್ದು ಮಾತ್ರ ನೆಲದ ಒಳಗಿಂದ. ಡೆಕ್ಕನ್ ಲಾವಾ ಈಗಲೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ, ಎರಡೂವರೆ ಕರ್ನಾಟಕದಷ್ಟು. ಅದರ ಬಹುಪಾಲು ಹೊರಬರಲು ಹಿಡಿದ ಸಮಯ ಹೆಚ್ಚೆಂದರೆ ಹತ್ತು ಲಕ್ಷ ವರ್ಷವೆಂದು ಅಂದಾಜು. ಹೊಳೆಯ ಅಳತೆಯಲ್ಲಿ ಅದು 120 ಮೀಟರ್. ಆ ಮಹಾಪ್ರವಾಹದ ದಕ್ಷಿಣದ ಅಂಚು ಮುಗಿಯುವುದು ಬೆಳಗಾವಿ, ಧಾರವಾಡ ಸೀಮೆಯಲ್ಲಿಯೇ. ಆಗ ಬೆಂಕಿಗೆ ಸಿಕ್ಕಲು ಮನುಷ್ಯರೇ ಇರಲಿಲ್ಲ. ಆದ್ದರಿಂದ ಕತೆಯಲ್ಲಿ ಅದರ ನೆನಪು ಹುಡುಕುವುದು ತಪ್ಪು. ಆದರೆ ಕಿತ್ತೂರ ಕೋಟೆಯ ಕಪ್ಪು ಕಲ್ಲು ಆ ಬೆಂಕಿ ಆರಿ ಉಳಿದದ್ದು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಗೆ ಎದುರಾದದ್ದು ಕಿತ್ತೂರ ರಾಣಿ ಚೆನ್ನಮ್ಮನ ಬಂಟರು ಮತ್ತು 6.6 ಕೋಟಿ ವರ್ಷದ ಬಸಾಲ್ಟ್. ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲಕ್ಕೆ ಪ್ರತಿ ವರ್ಷ ಹೋಗಿ ಕೈ ಮುಗಿಯುವವರು ದಾರಿಯ ಇಕ್ಕೆಲದ ಎರೆಹೊಲಗಳನ್ನೂ ನೋಡಲಿ. ಕಲ್ಲು ಕರಗಿ ಕರಗಿ ಅನ್ನ ಕೊಡುವ ಮಣ್ಣಾಗಲು ಹಿಡಿದ ಕಾಲವೂ ಈ ನೆಲದ ಚರಿತ್ರೆಯೇ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಅದು ಆಗಬೇಕಾದ ಕೆಲಸವೇ. ಆದರೆ ರಾಮದುರ್ಗದ ಎರಡು ಪದರ ಕೂಡುವ ಗೆರೆಯೂ ನವಿಲುತೀರ್ಥದ ಕಮರಿಯೂ ಅದಕ್ಕಿಂತ ಕಡಿಮೆಯವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಸೀಮೆಯ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳನ್ನು ಐಹೊಳೆಯ ಗುಡಿಗಳಿಗೆ ಕರೆದೊಯ್ದಾಗ ಮೇಗುತಿಯ ಹಿಂದಿನ ಮೊರೇರ ಮನೆಗಳಿಗೂ ಕರೆದೊಯ್ಯಿರಿ, ಎಲ್ಲಮ್ಮನ ಗುಡ್ಡದಲ್ಲಿ ಒಂದು ಭೂತಗನ್ನಡಿ ಕೊಟ್ಟು ಕಲ್ಲಿನೊಳಗಿನ ಹರಳು ತೋರಿಸಿ. ಹೊಲದಲ್ಲಿ, ಗುಡ್ಡದಲ್ಲಿ ನೆಟ್ಟ ಹಳೆಯ ಚಪ್ಪಡಿಯಾಗಲಿ, ದುಂಡಗೆ ಇಟ್ಟ ಕಲ್ಲಾಗಲಿ ಕಂಡರೆ ಕಟ್ಟಡಕ್ಕೆಂದು ಕೀಳಬೇಡಿ. ಅದು ಇದ್ದಲ್ಲೇ ಇರಲಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ.