ಗಣಕಯಂತ್ರದ ದೋಷಸೂಚಕ ದೀಪಗಳು

ಗಣಕಯಂತ್ರದ ಆರಂಭ ಪ್ರಕ್ರಿಯೆಯು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ತೋರಿಸುವ ಸಣ್ಣ ಎಲ್‌ಇಡಿ ದೀಪಗಳನ್ನು ದೋಷಸೂಚಕ ದೀಪಗಳು ಎನ್ನುತ್ತಾರೆ. ಪರದೆಯ ಮೇಲೆ ಏನೂ ಮೂಡದಿದ್ದಾಗ ದುರಸ್ತಿಗೆ ಮೊದಲ ಸುಳಿವು ಹೆಚ್ಚಾಗಿ ಇವುಗಳಿಂದಲೇ ದೊರೆಯುತ್ತದೆ.

ಹಿನ್ನೆಲೆ

ಗಣಕಯಂತ್ರವನ್ನು ಚಾಲೂ ಮಾಡಿದ ಕೂಡಲೇ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ಎಂಬ ತಂತ್ರಾಂಶವು ಮುಖ್ಯ ಭಾಗಗಳನ್ನು ಪರೀಕ್ಷಿಸುತ್ತದೆ. ಈ ಸ್ವಯಂಪರೀಕ್ಷೆಗೆ ‘ಪೋಸ್ಟ್’ ಎಂದು ಹೆಸರು. ಗ್ರಾಫಿಕ್ಸ್ ಭಾಗ ಸಿದ್ಧವಾಗುವ ಮೊದಲೇ ದೋಷ ಕಂಡುಬಂದರೆ ಅದನ್ನು ಪರದೆಯಲ್ಲಿ ತಿಳಿಸಲು ಸಾಧ್ಯವಿಲ್ಲ. ಆದ್ದರಿಂದ 1981ರ ಐಬಿಎಂ ಪಿಸಿಯಲ್ಲಿ ‘ಬೀಪ್’ ಸದ್ದುಗಳನ್ನು ಬಳಸಲಾಯಿತು. 1984ರ ಐಬಿಎಂ ಪಿಸಿ/ಎಟಿ ಯಂತ್ರವು ಪರೀಕ್ಷೆಯ ಹಂತಗಳ ಸಂಕೇತಸಂಖ್ಯೆಗಳನ್ನು ಹೆಕ್ಸಾಡೆಸಿಮಲ್ 80 ಎಂಬ ಪೋರ್ಟ್‌ಗೆ ಕಳುಹಿಸುತ್ತಿತ್ತು. ಈ ಸಂಖ್ಯೆಯನ್ನು ಎರಡು ಅಂಕಿಗಳಲ್ಲಿ ತೋರಿಸುವ ‘ಪೋಸ್ಟ್ ಕಾರ್ಡ್’ಗಳು ಮುಂದೆ ದುರಸ್ತಿಗಾರರ ಬಳಕೆಗೆ ಬಂದವು. ಇಂದಿನ ಕೆಲವು ಮದರ್‌ಬೋರ್ಡ್‌ಗಳಲ್ಲಿ ಅಂಥ ಅಂಕಿಫಲಕವೇ ಇದ್ದರೆ, ಇನ್ನು ಹಲವುಗಳಲ್ಲಿ ನಾಲ್ಕು ದೀಪಗಳಿರುತ್ತವೆ.

ನಾಲ್ಕು ದೀಪಗಳು

ಪರೀಕ್ಷೆ ನಡೆಯುವಾಗ ಈ ದೀಪಗಳು ಹೊತ್ತಿ ಆರುತ್ತವೆ. ಒಂದು ದೀಪ ಹೊತ್ತಿಕೊಂಡೇ ಉಳಿದರೆ ಆ ಹಂತದಲ್ಲಿ ತಡೆಯುಂಟಾಗಿದೆ ಎಂದರ್ಥ.

- ಸಿಪಿಯು: ಪ್ರೊಸೆಸರ್, ಅದರ ಸಾಕೆಟ್ ಅಥವಾ ಅದಕ್ಕೆ ವಿದ್ಯುತ್ ಒದಗಿಸುವ ತಂತಿ.
- ಡಿರ‍್ಯಾಮ್: ಮೆಮೊರಿ. ರ‍್ಯಾಮ್ ಪಟ್ಟಿಗಳನ್ನು ತೆಗೆದು ಮತ್ತೆ ಕೂರಿಸುವುದು, ಒಂದೊಂದನ್ನೇ ಹಾಕಿ ನೋಡುವುದು ಮೊದಲ ಪರೀಕ್ಷೆ.
- ವಿಜಿಎ: ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ವಿದ್ಯುತ್ ತಂತಿ.
- ಬೂಟ್: ಕಾರ್ಯಾಚರಣ ವ್ಯವಸ್ಥೆಯಿರುವ ಡಿಸ್ಕ್ ಪತ್ತೆಯಾಗಿಲ್ಲ.

ಮಿನುಗುವ ಸಂಕೇತಗಳು

ಕೆಲವು ಸಾಧನಗಳಲ್ಲಿ ಒಂದೇ ದೀಪವು ಎಣಿಕೆಯ ಮೂಲಕ ದೋಷವನ್ನು ತಿಳಿಸುತ್ತದೆ. ಡೆಲ್‌ನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ದೀಪವು 2 ಬಾರಿ ಕಿತ್ತಳೆ, 3 ಬಾರಿ ಬಿಳಿ ಬಣ್ಣದಲ್ಲಿ ಮಿನುಗಿದರೆ ಮೆಮೊರಿ ಪತ್ತೆಯಾಗಿಲ್ಲ ಎಂದರ್ಥ. ರಾಸ್ಪ್‌ಬೆರಿ ಪೈ ಗಣಕದ ಹಸಿರು ದೀಪವು 7 ಬಾರಿ ಮಿನುಗಿದರೆ ಕರ್ನೆಲ್ ಕಡತ ಸಿಕ್ಕಿಲ್ಲ ಎಂದು ತಿಳಿಯಬೇಕು. ಈ ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಆಯಾ ಮಾದರಿಯ ಕೈಪಿಡಿಯನ್ನೇ ಆಧರಿಸುವುದು ಅಗತ್ಯ.

ಮಿತಿಗಳು

ದೀಪವು ಪ್ರಕ್ರಿಯೆ ನಿಂತ ಹಂತವನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನು ಖಚಿತವಾಗಿ ಗುರುತಿಸುವುದಿಲ್ಲ. ಡಿರ‍್ಯಾಮ್ ದೀಪಕ್ಕೆ ಸಡಿಲವಾಗಿ ಕೂತ ರ‍್ಯಾಮ್ ಪಟ್ಟಿ, ಮದರ್‌ಬೋರ್ಡ್‌ಗೆ ಹೊಂದದ ರ‍್ಯಾಮ್ ಅಥವಾ ಪ್ರೊಸೆಸರ್ ಸಾಕೆಟ್‌ನ ಬಾಗಿದ ಪಿನ್ ಕೂಡ ಕಾರಣವಾಗಬಹುದು. ಹೊಸ ಡಿಡಿಆರ್5 ಮೆಮೊರಿ ಹಾಕಿದ ಮೊದಲ ಸಲ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷಗಳೇ ಹಿಡಿಯಬಹುದು. ಆಗ ದೀಪ ಹೊತ್ತಿರುವುದು ದೋಷವಲ್ಲ. ಬೂಟ್ ದೀಪ ಹೊತ್ತಿದ ಮಾತ್ರಕ್ಕೆ ಡಿಸ್ಕ್‌ನ ದತ್ತಾಂಶ ನಾಶವಾಗಿದೆ ಎನ್ನಲಾಗದು. ಡಿಸ್ಕ್ ಬಯೋಸ್‌ನಲ್ಲಿ ಕಾಣುತ್ತಿದೆಯೇ ಎಂದು ನೋಡದೆ ಕಾರ್ಯಾಚರಣ ವ್ಯವಸ್ಥೆಯನ್ನು ಮರುಸ್ಥಾಪಿಸಲು ಹೊರಟರೆ ಉಳಿದಿದ್ದ ಕಡತಗಳೂ ಅಳಿಸಿಹೋಗಬಹುದು.

ಸುರಕ್ಷತೆ

ಡೆಸ್ಕ್‌ಟಾಪ್ ಗಣಕವನ್ನು ಆರಿಸಿದ ಮೇಲೂ ಮದರ್‌ಬೋರ್ಡ್‌ಗೆ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಹರಿಯುತ್ತಿರುತ್ತದೆ. ಬಿಡಿಭಾಗಗಳನ್ನು ಮುಟ್ಟುವ ಮೊದಲು ವಿದ್ಯುತ್ ತಂತಿಯನ್ನು ಕಳಚಿ, ಮದರ್‌ಬೋರ್ಡ್‌ನ ಎಲ್ಲ ದೀಪಗಳೂ ಆರುವವರೆಗೆ ಕಾಯಬೇಕು.